ಪಂಪು ಓಡ್ತಾನೇ ಇತ್ತು

ಪಂಪಕ್ಕನ ಬಗ್ಗೆ ಮೊದಲೇ ಒಂದು ವಿಷ್ಯ ಹೇಳ್ಬಿಡ್ಬೇಕು. ಹಾಲು ಕರೆಯೋ ಮಷೀನು ರಿಪೇರಿ ಮಾಡೋದ್ರಲ್ಲಿ ಅವಳನ್ನ ಮೀರಿಸೋರು ಸುತ್ತಮುತ್ತ ಯಾರೂ ಇಲ್ಲ. ಆದ್ರೆ ಹಸು ಕಂಡ್ರೆ ಅವಳಿಗೆ ಜೀವ ಬಾಯಿಗೆ ಬರುತ್ತೆ. ಇಪ್ಪತ್ತೆರಡು ವರ್ಷದಿಂದ ಕೊಟ್ಟಿಗೆ ಕೊಟ್ಟಿಗೆ ಸುತ್ತಿದಾಳೆ, ಇವತ್ತಿನವರೆಗೂ ಒಂದು ಹಸುವಿನ ಮೈ ಮುಟ್ಟಿಲ್ಲ. ಬಾಗಿಲಲ್ಲೇ ಪಾನಾಪೆಟ್ಟಿಗೆ ಹಿಡ್ಕೊಂಡು ನಿಂತು "ಅವುಗಳನ್ನ ಆಚೆ ಹೊಡೀರಿ, ಆಮೇಲೆ ಬರ್ತೀನಿ" ಅನ್ನೋಳು.

"ನೀನು ಹಸುಗೆ ಹೆದರ್ತೀಯೋ, ಹಸು ನಿನಗೆ ಹೆದರ್ತದೋ?" ಅಂತ ಟೋಪಿಯಣ್ಣ ಪ್ರತಿಸಲ ಕೆಣಕೋನು. ಮೂವತ್ತೆರಡು ಹಸು ಇಟ್ಕೊಂಡಿದ್ದ ಮನುಷ್ಯ, ತಲೆ ಮೇಲೆ ಯಾವಾಗ್ಲೂ ಒಂದು ಬಣ್ಣಗೆಟ್ಟ ಟೋಪಿ.

"ದೂರದಿಂದಲೇ ಒಬ್ಬರಿಗೊಬ್ರು ಮರ್ಯಾದೆ ಕೊಟ್ಕೊಂಡಿದೀವಿ. ನಿಮಗ್ಯಾಕೆ ಹೊಟ್ಟೆಯುರಿ?" ಅನ್ನೋಳು ಪಂಪಕ್ಕ.

ಅವಳ ಕೈಗಿಂತ ಕಿವಿ ಚುರುಕು. ಯಾರಾದ್ರೂ ಫೋನ್ ಮಾಡಿ ಮಷೀನು ಸರಿಯಿಲ್ಲ ಅಂದ್ರೆ, "ಮಾತಾಡ್ಬೇಡಿ, ಫೋನ್ ಮಷೀನಿನ ಪಂಪಿನ ಹತ್ರ ಹಿಡೀರಿ" ಅನ್ನೋಳು. ಅರ್ಧ ನಿಮಿಷ ಕೇಳಿ, ರಬ್ಬರು ಸೀಳಿದೆಯೋ, ಬೆಲ್ಟು ಸಡಿಲ ಆಗಿದೆಯೋ ಹೇಳ್ಬಿಡೋಳು.

ಆ ವರ್ಷ ಕಾಲುಬಾಯಿ ರೋಗ ಬಂತು ನೋಡಿ, ಎಲ್ಲರಿಗಿಂತ ಮೊದಲು ಕೆಲಸ ನಿಂತಿದ್ದು ಇವಳದ್ದೇ. ಯಾಕಂದ್ರೆ ದಿನಕ್ಕೆ ಐದಾರು ಕೊಟ್ಟಿಗೆ ಹೊಕ್ಕು ಬರೋಳು ಇವಳೊಬ್ಳೇ. ಬೂಟಲ್ಲಿ ರೋಗ ಹೊತ್ಕೊಂಡು ಹೋಗೋಕೆ ಇವಳಿಗಿಂತ ಒಳ್ಳೆ ಗಾಡಿ ಇನ್ನೊಂದಿಲ್ಲ. ಮೊನ್ನೆವರೆಗೂ ಬಾ ತಾಯಿ ಬಾ ಅಂತಿದ್ದೋರು ಈಗ ಅವಳ ವ್ಯಾನು ರಸ್ತೆ ತಿರುವಲ್ಲಿ ಕಂಡ್ರೆ ಗೇಟು ಎಳ್ಕೊಳ್ಳೋರು. ಅವಳಿಗೆ ಬೇಜಾರಾಗ್ಲಿಲ್ಲ, ಹೆದರಿಕೆ ಆಯ್ತು. ಬೂಟು ದಿನಕ್ಕೆ ಹತ್ತು ಸಲ ತೊಳೆದು ಕೊನೆಗೆ ಒಲೆಗೇ ಹಾಕಿದ್ಲು.

ರೋಗ ಕಾಣಿಸಿದ ಜಾಗದ ಸುತ್ತ ಹದಿನೇಳು ಮನೆ ಗೇಟಿಗೆ ಸರಪಣಿ ಬಿತ್ತು. ಒಳಗಿದ್ದೋರು ಹೊರಗೆ ಬರೋಹಾಗಿಲ್ಲ, ಹೊರಗಿನೋರು ಒಳಗೆ ಹೋದ್ರೆ ಇಪ್ಪತ್ತೊಂದು ದಿನದ ಅವಧಿ ಮುಗಿಯೋವರೆಗೂ ಅಲ್ಲೇ. ಹಾಲು ಸಾಗಿಸೋಹಾಗಿಲ್ಲ. ಆದ್ರೆ ಹಸುಗೇನು ಗೊತ್ತು, ಎರಡು ಹೊತ್ತೂ ಕರೀಲೇಬೇಕು. ಕರೆದಿದ್ದನ್ನ ಹಿತ್ತಲಲ್ಲಿ ತೋಡಿದ ಗುಂಡಿಗೆ ಸುರೀಬೇಕು.

ಹಿಂಡಿ ಅಂಗಡಿ ಹಿಂದಿನ ಕೋಣೆಯಲ್ಲಿ ಜನ ಸೇರಿ ಒಂದು ಏರ್ಪಾಡು ಮಾಡ್ಕೊಂಡ್ರು. ಪ್ರತಿ ಗೇಟಿನ ಹೊರಗೆ ಒಂದು ಮೇಜು, ಅದರ ಮೇಲೆ ಊಟ, ಔಷಧಿ, ಮೇವು, ಏನು ಬೇಕೋ ಅದು. ಜೊತೆಗೆ ಒಂದು ಪಟ್ಟಿ. ಮುಚ್ಚಿದ ಮನೆಗಳನ್ನ ಹಂಚ್ಕೊಂಡು ದಿನಾ ಎರಡು ಸಲ ಫೋನ್ ಮಾಡ್ಬೇಕು, ಮೂರೇ ಮೂರು ಕೇಳ್ಬೇಕು: ತಿಂದ್ರಾ, ನಿದ್ದೆ ಬಂತಾ, ಏನು ಬೇಕು. ಪಂಪಕ್ಕನಿಗೆ ನಾಲ್ಕು ಮನೆ ಬಂತು.

"ನೀನಾ? ನಿನ್ನ ದನಿ ಕೇಳಿ ಇದ್ದಬದ್ದ ಧೈರ್ಯನೂ ಹೋಗುತ್ತೆ" ಅಂದ್ರು ಅವಳಮ್ಮ.

ಸಮಾಧಾನದ ಮಾತು ಬರಲ್ಲ ಅನ್ನೋದು ನಿಜ. ಅದಕ್ಕೇ ಅವಳು ಮೂರು ಪ್ರಶ್ನೆ ಕೇಳಿ ಮುಗಿಸಿ, ಆಮೇಲೆ ಹಿಂದುಗಡೆ ಮಷೀನು ಹೇಗೆ ಓಡ್ತಿದೆ ಅಂತ ಕೇಳಿಸ್ಕೊಳ್ಳೋಳು. ಅದು ಚೆನ್ನಾಗಿದ್ರೆ ಮನೆಯೋರೂ ಚೆನ್ನಾಗಿದಾರೆ. ಅವಳಷ್ಟೇ ಅಲ್ಲ, ಅಲ್ಲಿ ಎಲ್ಲರ ಲೆಕ್ಕನೂ ಅದೇ. ಬೇಲಿಯಾಚೆ ಪಂಪಿನ ಸದ್ದು ಬಂದ್ರೆ ಆ ಮನೇಲಿ ಎದ್ದಿದಾರೆ, ಕೆಲಸ ಮಾಡ್ತಿದಾರೆ ಅಂತ ಅರ್ಥ. ಆಮೇಲೆ ಯಾರೂ ಹಣಕಿ ನೋಡೋಲ್ಲ.

ಟೋಪಿಯಣ್ಣ ಅವಳ ಪಟ್ಟಿಯಲ್ಲಿದ್ದ. ಮನೇಲಿ ಒಬ್ನೇ. ಸರಪಣಿ ಬೀಳೋ ಹಿಂದಿನ ದಿನವಷ್ಟೇ ಅವನ ಹೆಂಡ್ತಿ, ಪಂಪಕ್ಕನ ಬಾಯಲ್ಲಿ ಅತ್ತಿಗೆ, ಮಕ್ಕಳನ್ನ ಕರ್ಕೊಂಡು ತವರಿಗೆ ಹೋಗಿದ್ರು, ವಾಪಸ್ ಬರೋಕೆ ಬಿಡ್ಲಿಲ್ಲ. ಮೊದಮೊದಲು ಅವನು ಫೋನಲ್ಲಿ ಭಾಳ ತಮಾಷೆ ಮಾಡ್ತಿದ್ದ. "ಗುಂಡಿ ತುಂಬಾ ಹಾಲು ಕಣಮ್ಮ, ಈಜೋಕೆ ಬಾ" ಅನ್ನೋನು. ಎರಡನೇ ವಾರದ ಹೊತ್ತಿಗೆ ಮಾತು ಸವೀತಾ ಬಂತು. ತಿಂದ್ರಾ? ಹ್ಞೂ. ನಿದ್ದೆ? ಹ್ಞೂ. ಏನು ಬೇಕು? ಏನಿಲ್ಲ. ಆದ್ರೆ ಮಷೀನು ಮಾತ್ರ ಗಡಿಯಾರದ ಥರ ಓಡ್ತಿತ್ತು. ಪಂಪಕ್ಕ ಅದನ್ನೇ ನಂಬಿದ್ಲು.

ಸರಪಣಿ ಬಿದ್ದ ಹನ್ನೆರಡನೇ ದಿನ ಸಾಯಂಕಾಲ ಐದೂವರೆಗೆ ಫೋನ್ ಮಾಡಿದ್ರೆ ಅವನು ಎತ್ತಲಿಲ್ಲ. ಇನ್ನೊಂದು ಸಲ ಮಾಡಿದ್ಲು. ಇಲ್ಲ. ಅವನ ಬೇಲಿಯಾಚೆ ಕೋಳಿ ಸಾಕೋ ಮಾವನಿಗೆ ಮಾಡಿದ್ಲು.

"ಪಂಪು ಓಡ್ತಿದೆ ಕಣೇ. ಹಾಲು ಕರೀತಾ ಇದಾನೆ. ಕೈತುಂಬ ಕೆಲಸ ಇರೋನು ನಿನ್ನ ಫೋನಿಗೆ ಕಾಯ್ತಾ ಕೂತಿರ್ತಾನಾ?" ಅಂದ ಕೋಳಿಮಾವ.

ಅಷ್ಟರಲ್ಲಿ ಅತ್ತಿಗೆ ಫೋನು. "ನನ್ನ ಫೋನೂ ಎತ್ತಿಲ್ಲ. ನಿನ್ನ ಹತ್ರ ಮಾತಾಡಿದ್ರಾ?"

"ಪಂಪು ಓಡ್ತಿದೆಯಂತೆ ಅತ್ತಿಗೆ. ಚೆನ್ನಾಗಿದಾರೆ."

ಹೇಳಿದ್ಮೇಲೆ ಸ್ಟವ್ ಮೇಲೆ ನೀರಿಟ್ಲು. ನೀರು ಕುದೀತು, ಇವಳು ಅಲ್ಲಾಡ್ಲಿಲ್ಲ. ಮತ್ತೆ ಕೋಳಿಮಾವನಿಗೆ ಮಾಡಿದ್ಲು.

"ಮಾವ, ಬೇಲಿ ಹತ್ರ ಹೋಗಿ ಫೋನ್ ಎತ್ತಿ ಹಿಡೀರಿ. ಏನೂ ಮಾತಾಡ್ಬೇಡಿ."

"ರಿಪೇರಿ ಇಲ್ದೆ ಕೈ ಕಡೀತಾ ಇದೆಯಾ?"

"ಹಿಡೀರಿ ಮಾವ."

ಹಿಡಿದ. ಪಂಪಕ್ಕ ಕಣ್ಮುಚ್ಚಿ ಕೇಳಿದ್ಲು. ಸದ್ದು ನುಣ್ಣಗೆ, ಒಂದೇ ಸಮ. ಎಲ್ಲೂ ಕೊರತೆ ಇಲ್ಲ. ತಪ್ಪಿದ್ದದ್ದೇ ಅಲ್ಲಿ. ಯಾಕೆ ಗೊತ್ತಾ, ಒಂದು ಹಸುವಿನ ಕೆಚ್ಚಲಿಂದ ಹಾಲು ಹೀರೋ ಬಟ್ಟಲು ಬಿಚ್ಚಿ ಇನ್ನೊಂದಕ್ಕೆ ಹಾಕುವಾಗ ಒಳಗೆ ಗಾಳಿ ನುಗ್ಗುತ್ತೆ, ಪಂಪು ಒಂದು ಸಲ ನರಳುತ್ತೆ. ನಾಲ್ಕು ಜೊತೆ ಬಟ್ಟಲು ಇಟ್ಕೊಂಡು ಒಬ್ಬ ಕರೀತಿದ್ರೆ ಎರಡು ನಿಮಿಷಕ್ಕೊಂದು ನರಳಾಟ ಕೇಳ್ಲೇಬೇಕು. ಗೋಡೆ ಗಡಿಯಾರ ನೋಡಿದ್ಲು. ಮೂರು ನಿಮಿಷ. ಐದು. ಏಳು. ಪಂಪು ಒಂದು ಸಲಾನೂ ನರಳಲಿಲ್ಲ.

ಮಷೀನಿಗೆ ಏನೂ ಆಗಿರ್ಲಿಲ್ಲ. ಅದರ ಹತ್ರ ಮನುಷ್ಯನೇ ಇರ್ಲಿಲ್ಲ.

"ಮಾವ, ಕೂಗಿ ಅವರನ್ನ."

ಮಾವ ಕೂಗಿದ. ಎರಡು ಸಲ, ಮೂರು ಸಲ. ಫೋನಿಗೆ ವಾಪಸ್ ಬಂದಾಗ ಅವನ ದನಿಯಲ್ಲಿ ತಮಾಷೆ ಇಳಿದುಹೋಗಿತ್ತು. "ಉತ್ತರಾನೇ ಇಲ್ಲ ಕಣಮ್ಮ."

ವ್ಯಾನು ಓಡಿಸ್ತಾನೇ ಸರಪಣಿ ಹಾಕ್ಸಿದ್ದ ಪಶು ಡಾಕ್ಟರಮ್ಮನಿಗೆ ಫೋನ್ ಮಾಡಿದ್ಲು. ಅವರು "ಒಳಗೆ ಹೋದ್ರೆ ಒಂಬತ್ತು ದಿನ ಹೊರಗೆ ಬರೋಹಾಗಿಲ್ಲ, ಗೊತ್ತಲ್ವಾ?" ಅಂದ್ರು. "ಹೋಗು. ಫೋನ್ ಕೈಯಲ್ಲೇ ಇರ್ಲಿ. ಆಂಬುಲೆನ್ಸಿಗೆ ನಾನು ಹೇಳ್ತೀನಿ."

ಗೇಟಲ್ಲಿ ಕೋಳಿಮಾವ ಕೋಲೂರಿ ನಿಂತಿದ್ದ. ಅವನ ಸೊಂಟ ಗೇಟು ಹತ್ತೋಕೆ ಬಿಡೋದಲ್ಲ. ಮೇಜಿನ ಮೇಲೆ ನಿನ್ನೆಯ ಊಟದ ಡಬ್ಬಿ ಹಾಗೇ ಇತ್ತು, ಇವತ್ತಿನದು ಅದರ ಪಕ್ಕ. ಪಂಪಕ್ಕ ಎತ್ತಿ ನೋಡಿದ್ಲು, ಎರಡೂ ತುಂಬಿತ್ತು. ನಿನ್ನೆ ರಾತ್ರಿ ಊಟ ಆಯ್ತಾ ಅಂತ ಕೇಳಿದ್ದಕ್ಕೆ ಹ್ಞೂ ಅಂದಿದ್ನಲ್ಲ.

"ನಾನು ದಿನಾ ಈ ಬೇಲಿ ಪಕ್ಕದಲ್ಲೇ ಓಡಾಡ್ತೀನಿ. ಪಂಪು ಕೇಳಿಸ್ತಿತ್ತು, ಸುಮ್ಮನಾದೆ" ಅಂದ ಕೋಳಿಮಾವ, ಯಾರೋ ಕೇಳಿದಹಾಗೆ.

"ನಾನೂ ಅದನ್ನೇ ಮಾಡಿದ್ದು" ಅಂತ ಅವಳು ಗೇಟು ಹತ್ತಿ ಆಚೆ ಇಳಿದ್ಲು.

ದಾರಿ ಗುಂಡಿ ಪಕ್ಕದಲ್ಲೇ ಹೋಗುತ್ತೆ. ನೋಡಬಾರದು ಅಂದ್ಕೊಂಡೇ ನೋಡಿದ್ಲು. ಬೆಳ್ಳಗೆ, ಹುಳಿ ನಾತ ಹೊಡೀತಾ, ಒಂದಾಳು ಮುಳುಗೋವಷ್ಟು ಹಾಲು. ನಡುಮಧ್ಯೆ ಟೋಪಿ ತೇಲ್ತಿತ್ತು.

ಅಲ್ಲೇ ಬಿದ್ದಿದ್ದ ಉದ್ದನೆ ಗುದ್ದಲಿ ತಗೊಂಡು ಮಂಡಿಯೂರಿ ಹಾಲೊಳಗೆ ಆಡಿಸಿದ್ಲು. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ಗುದ್ದಲಿಗೆ ಏನೋ ಮೆತ್ತಗೆ ತಗಲಿತು. ಎಳೆದ್ರೆ ಒಂದು ಗೋಣಿಚೀಲ. ಆಗ ಕೊಟ್ಟಿಗೆಯಿಂದ ಹಸು ಕೂಗ್ತು. ನೋವಿನ ಕೂಗು.

ಓಡಿದ್ಲು. ಬಾಗಿಲಲ್ಲಿ ನಿಲ್ಲೋಕೆ ಟೈಮೇ ಇರ್ಲಿಲ್ಲ. ಎರಡೂ ಕಡೆ ಸಾಲಾಗಿ ಮೂವತ್ತೆರಡು ಹಸು, ಎಲ್ಲಾ ತಲೆ ತಿರುಗಿಸಿ ಇವಳನ್ನೇ ನೋಡಿದ್ವು. ಮಧ್ಯದ ಓಣಿ ಒಂದೂವರೆ ಮೊಳ ಅಗಲ ಇರಬಹುದು. ಬಾಲ ಮುಖಕ್ಕೆ ಬಡೀತಿತ್ತು, ಕಾಲು ಯಾವಾಗ ಎತ್ತುತ್ತವೋ ಗೊತ್ತಿಲ್ಲ. ಮೈಯೆಲ್ಲ ಮುದುಡ್ಕೊಂಡು ನಡೆದ್ಲು.

ಕೊನೇಲಿ ಟೋಪಿಯಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಬರಿದಲೆ. ಕಣ್ಣು ತೆರೆದಿತ್ತು. ಎದುರಿಗಿದ್ದ ನಾಲ್ಕು ಹಸುಗಳ ಕೆಚ್ಚಲಲ್ಲಿ ಹಾಲು ಮುಗಿದು ಎಷ್ಟೋ ಹೊತ್ತಾಗಿತ್ತು, ಮಷೀನು ಇನ್ನೂ ಹೀರ್ತಾನೇ ಇತ್ತು. ಒಂದು ಬಟ್ಟಲಿನ ಅಂಚಲ್ಲಿ ರಕ್ತ.

ಅವಳು ಸ್ವಿಚ್ ಆರಿಸಿದ್ಲು. ಬಟ್ಟಲು ಕಳಚಿ ಬಿದ್ವು. ಆ ಸದ್ದಿಲ್ಲದ ಕೊಟ್ಟಿಗೆ ಪಂಪಿನ ಸದ್ದಿಗಿಂತ ಜಾಸ್ತಿ ಹೆದರಿಸ್ತು.

"ಅಣ್ಣ."

"ಬಿಚ್ಚಿದ್ರೆ ಸುರೀಬೇಕಲ್ಲ" ಅಂದ ಅವನು. ಮೆಲ್ಲಗೆ, ಅವಳಿಗೆ ಅರ್ಥ ಮಾಡಿಸೋಹಾಗೆ. "ಅದಕ್ಕೇ ಬಿಚ್ಚಲಿಲ್ಲ."

"ಎಲ್ಲಿ ಪೆಟ್ಟಾಗಿದೆ?"

"ಎಲ್ಲೂ ಇಲ್ಲ. ಬೆಳಗ್ಗೆ ಸುರಿಯುವಾಗ ಟೋಪಿ ಬಿತ್ತು. ತೆಗೆಯೋಣ ಅಂತ ಬಗ್ಗಿದೆ." ಬರಿದಲೆ ಸವರ್ಕೊಂಡ. "ಬಗ್ಗಿದೋನು ಹಾಗೇ ಇದ್ದೆ. ಭಾಳ ಹೊತ್ತು. ಆಮೇಲೆ ನನಗೇ ಹೆದರಿಕೆ ಆಗಿ ಒಳಗೆ ಬಂದೆ."

ಇದಕ್ಕೆ ಏನು ಹೇಳ್ಬೇಕು ಅಂತ ಪಟ್ಟಿಯಲ್ಲಿ ಇರ್ಲಿಲ್ಲ. ಪಂಪಕ್ಕ ಅವನ ಪಕ್ಕ ಸಗಣಿ ನೆಲದ ಮೇಲೆ ಕೂತು, ಅವನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡ್ಲು.

ಡಾಕ್ಟರಮ್ಮ ಬಿಳಿ ಉಡುಪು ಹಾಕ್ಕೊಂಡು ಬಂದ್ರು, ಆಂಬುಲೆನ್ಸಿನಲ್ಲಿ ಬಂದ ಮನುಷ್ಯರ ಡಾಕ್ಟರೂ ಅದೇ ಥರ. ಗಂಜಿ ಕುಡಿಸಿ, ನಿದ್ದೆಗೆ ಮಾತ್ರೆ ಕೊಟ್ಟು, "ಮನೇಲೇ ಇರ್ಲಿ, ಆದ್ರೆ ಒಬ್ಬರನ್ನೇ ಬಿಡಬೇಡಿ, ಒಂದು ನಿಮಿಷಾನೂ" ಅಂದ್ರು ಅವರು. ದಿನಾ ಫೋನಲ್ಲಿ ಮಾತಾಡ್ತೀನಿ ಅಂತಲೂ ಹೇಳಿದ್ರು. ಅವನು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗಿದ. ಬಾಗಿಲು ತೆರೆದೇ ಇಟ್ರು. ಉಳಿದ ಇಪ್ಪತ್ತೆಂಟು ಹಸು ಕೆಚ್ಚಲು ಬಿಗಿದು ಅರಚ್ತಿದ್ವು.

ಪಂಪಕ್ಕ ಅತ್ತಿಗೆಗೆ ಫೋನ್ ಮಾಡಿದ್ಲು. "ಅತ್ತಿಗೆ, ನಾನು ತಪ್ಪು ಹೇಳಿದ್ದೆ. ಚೆನ್ನಾಗಿರ್ಲಿಲ್ಲ ಅವರು" ಅಂತ ಶುರು ಮಾಡಿ, ಗುಂಡಿಯ ಮಾತೂ ಬಿಡದೆ ಎಲ್ಲಾ ಹೇಳಿದ್ಲು.

"ಅವರು ಉಸಿರಾಡೋದು ಕೇಳಿಸು" ಅಂದ್ರು ಅತ್ತಿಗೆ.

ಕೇಳಿಸಿದ್ಲು.

ಮೂಗು ಒರೆಸ್ಕೊಂಡು ಅತ್ತಿಗೆ ಹೇಳಿದ್ರು, "ಸರಿ. ಈಗ ಕೆಚ್ಚಲು ತೊಳೆಯೋಕೆ ಬಕೆಟ್ ತಗೊ, ಪಂಪು ಹಾಕು. ಫೋನು ಕಿಟಕಿ ಮೇಲಿಡು, ನಾನು ಹೇಳ್ಕೊಡ್ತೀನಿ. ಎಡಗಡೆ ಮೂರನೇವಳು ಒದೀತಾಳೆ, ಅವಳನ್ನ ಮೊದಲೇ ಮುಗಿಸ್ಬಿಡು."

"ನಂಗೆ ಮುಟ್ಟೋಕೆ ಆಗಲ್ಲ ಅತ್ತಿಗೆ."

"ಮಷೀನು ಅಂದ್ಕೊ."

"ಮಷೀನು ತಿರುಗಿ ನೋಡಲ್ಲ."

ಎಲ್ಲಾ ಮುಗಿಯೋಕೆ ಮೂರು ಗಂಟೆ ಬೇಕಾಯ್ತು. ಎರಡು ಸಲ ಒದೆ ತಿಂದ್ಲು. ಬೇಲಿಯಾಚೆ ಕೋಳಿಮಾವ ಕುರ್ಚಿ ಹಾಕ್ಕೊಂಡು, ಪಂಪು ನರಳಿದಾಗೆಲ್ಲ "ಹ್ಞಾ, ಒಂದಾಯ್ತು" ಅಂತಿದ್ದ.

ಮರುದಿನ ಬೆಳಗ್ಗೆ ಕರೆದು ಮುಗಿಸಿದಾಗ ಎಂಟು ಕ್ಯಾನು ಹಾಲು. ಮೊದಲನೇದನ್ನ ಎಳ್ಕೊಂಡು ಗುಂಡಿ ಹತ್ರ ಬಂದ್ಲು. ಭಾರ ಎತ್ತೋಕಾಗದೆ ನಿಂತಿರುವಾಗ ಹಿಂದೆ ಹೆಜ್ಜೆ ಸದ್ದಾಯ್ತು. ಟೋಪಿಯಣ್ಣ. ಕಣ್ಣು ಊದಿತ್ತು, ತಲೆಗೂದಲು ಕೆದರಿತ್ತು. ಬಂದೋನೇ ಕ್ಯಾನಿನ ಆ ಕಡೆ ಹಿಡಿಕೆಗೆ ಕೈ ಹಾಕಿದ.

"ನೀವು ಒಳಗೆ ಹೋಗಿ ಅಣ್ಣ."

"ಒಬ್ಳೇ ಎತ್ತೋಕಾಗಲ್ಲ ಇದು."

ಗುಂಡಿಯ ಅಂಚಿನ ಮಣ್ಣು ಒದ್ದೆಯಾಗಿ ಜಾರ್ತಿತ್ತು. ಅವನು ಒಂದು ಹೆಜ್ಜೆ ಮುಂದಿಟ್ಟ. ಪಂಪಕ್ಕ ಒಂದು ಕೈಯಲ್ಲಿ ಕ್ಯಾನು ಹಿಡಿದೇ, ಇನ್ನೊಂದು ಕೈಯಿಂದ ಅವನ ಶರ್ಟು ಬೆನ್ನ ಹಿಂದೆ ಮುಷ್ಟಿ ತುಂಬ ಹಿಡ್ಕೊಂಡ್ಲು. ಹಾಲು ಸುರಿದು ಮುಗಿದ್ರೂ ಬಿಡ್ಲಿಲ್ಲ.

"ಹರಿಯುತ್ತೆ ಬಿಡಮ್ಮ" ಅಂದ ಅವನು.

"ಹರೀಲಿ" ಅಂದ್ಲು. "ಇನ್ನೂ ಏಳಿದೆ, ನಡೀರಿ."