ಆಷಾಢಕ್ಕೆ ಎರಡು ಬಾಗಿಲು

2008ರ ನನ್ನ ದಿನಚರಿಯಲ್ಲಿ ಮೇ 22ರ ಪುಟದಲ್ಲಿ "ಅತ್ತೆ ಬಂದರು" ಎಂದು ಬರೆದು, ಅದರ ಕೆಳಗೆ 84 ಎಂಬ ಅಂಕಿಗೆ ಚೌಕ ಹಾಕಿದ್ದೇನೆ. ಅವರು ಊರಿಗೆ ವಾಪಸು ಹೊರಡುವ ಆಗಸ್ಟ್ 14ಕ್ಕೆ ಅಷ್ಟು ದಿನಗಳಿದ್ದವು. ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಫೆಬ್ರುವರಿಯಲ್ಲಿ ಮದುವೆಯಾಗಿ ಏಪ್ರಿಲ್‌ನಲ್ಲಿ ಸ್ವೀಡನ್ನಿನ ಸ್ಯಾಂಡ್‌ವಿಕೆನ್‌ಗೆ ಬಂದಿದ್ದೆ. ನನ್ನ ಗಂಡ ಅಲ್ಲಿ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದರು. ಮಾವನವರಿಗೆ ಬ್ಯಾಂಕಿನಲ್ಲಿ ರಜೆ ಸಿಗದೆ ಮೈಸೂರಿನಿಂದ ಅತ್ತೆ ಒಬ್ಬರೇ ಬಂದಿದ್ದರು.

ಮದುವೆಯ ಗಡಿಬಿಡಿಯಲ್ಲಿ ನಾವಿಬ್ಬರೂ ಸರಿಯಾಗಿ ಮಾತನಾಡಿರಲಿಲ್ಲ. ಮೊದಲ ವಾರ ಅತ್ತೆ ನನ್ನೊಡನೆ ನೇರವಾಗಿ ಆಡಿದ ಮಾತುಗಳನ್ನು ನಾನು ಎಣಿಸಿಟ್ಟಿದ್ದೆ. ಒಂದು ದಿನ ಹನ್ನೊಂದು, ಇನ್ನೊಂದು ದಿನ ಹದಿನಾಲ್ಕು, ಒಮ್ಮೆ ಒಂಬತ್ತು. ಉಳಿದದ್ದೆಲ್ಲ ಮಗನ ಮೂಲಕ ಬರುತ್ತಿತ್ತು: ಅವಳಿಗೆ ಕಾಫಿ ಬೇಕಾ ಕೇಳು, ಅವಳಿಗೆ ಚಳಿ ಆಗ್ತಿದೆಯೇನೋ ನೋಡು. ಜೂನ್ ಮೊದಲ ವಾರದಲ್ಲಿ ಎಣಿಕೆ ತಪ್ಪಿತು. ಸ್ವೀಡಿಷ್ ತರಗತಿಯಿಂದ ನಾನು ಮನೆಗೆ ಬರುವುದನ್ನೇ ಅವರು ಕಾಯುತ್ತಿದ್ದರು. ಕಿಟಕಿಯಿಂದ ಕಂಡ ಅಷ್ಟನ್ನೂ ನನಗೆ ವರದಿ ಮಾಡುತ್ತಿದ್ದರು. ಎದುರು ಮನೆಯವರು ಮಗುವನ್ನು ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುತ್ತಾರೆ, ಗಾಳಿಗೆ ಅದು ಹೇಗೆ ನಿದ್ದೆ ಮಾಡುತ್ತದೋ, ನೀನು ಕೇಳಿಕೊಂಡು ಬಾ, ಎಂದೆಲ್ಲ.

ಜೂನ್ 8, ಭಾನುವಾರ. ಏಕಾದಶಿ ಯಾವತ್ತು ಎಂದು ನೋಡಲು ಅತ್ತೆ ಅಡಿಗೆಮನೆಯ ಗೋಡೆಯಲ್ಲಿದ್ದ ನಮ್ಮೂರಿನ ಕ್ಯಾಲೆಂಡರಿನ ಹಾಳೆ ತಿರುಗಿಸಿದರು. ಜುಲೈ ಪುಟ ಬಂದಾಗ ಅವರ ಕೈ ನಿಂತಿತು. ಆಮೇಲೆ ಎರಡು ದಿನ ಮಾತು ಕಡಿಮೆಯಾಯಿತು. ನಾನು ಮತ್ತೆ ಎಣಿಸತೊಡಗಿದೆ.

ಹತ್ತನೇ ತಾರೀಖು ಊಟಕ್ಕೆ ಕೂತಾಗ ಹೇಳಿದರು: "ಜುಲೈ ನಾಲ್ಕರಿಂದ ಆಷಾಢ ಕಣಮ್ಮ. ಟಿಕೆಟ್ ತಗೊಳ್ಳುವಾಗ ನಮ್ಮಲ್ಲಿ ಒಬ್ಬರಿಗೂ ಹೊಳೀಲಿಲ್ಲ."

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಮನೆಯಲ್ಲಿರಬಾರದು, ಒಂದೇ ಹೊಸ್ತಿಲು ದಾಟಬಾರದು. ಗಂಡ ಹೆಂಡತಿಯೂ ಬೇರೆ ಇರಬೇಕು. ಅದಕ್ಕಾಗಿ ಹೊಸ ಸೊಸೆಯನ್ನು ತಿಂಗಳ ಮಟ್ಟಿಗೆ ತವರಿಗೆ ಕಳಿಸುತ್ತಾರೆ. ನನ್ನ ತವರು ದಾವಣಗೆರೆ. ನಮ್ಮ ವಾಸದ ಪರವಾನಗಿಗಳು ನವೀಕರಣಕ್ಕೆ ಹೋಗಿ ಪಾಸ್‌ಪೋರ್ಟುಗಳು ವಲಸೆ ಕಚೇರಿಯಲ್ಲಿದ್ದವು. ದೇಶ ಬಿಟ್ಟು ಹೋಗುವಂತಿರಲಿಲ್ಲ.

ನನ್ನ ಗಂಡ ನಕ್ಕರು. "ಅಮ್ಮ, ಇಲ್ಲಿ ಆಷಾಢ ಎಲ್ಲಿಂದ ಬರುತ್ತೆ?"

"ಯಾಕೋ, ಆಷಾಢಕ್ಕೂ ವೀಸಾ ಬೇಕೇನೋ?" ಎಂದರು ಅತ್ತೆ.

ಅವರ ಮುಖದಲ್ಲಿ ನಗು ಇರಲಿಲ್ಲ. ತಾವೇ ಎಲ್ಲಾದರೂ ಹೋಗುವುದಾಗಿಯೂ ಹೇಳಿದರು. ಭಾಷೆ ಬಾರದ ಊರಿನಲ್ಲಿ ಅವರೊಬ್ಬರನ್ನೇ ಎಲ್ಲಿಗೆ ಕಳಿಸುವುದು? ನಾನು ಹೋಗುತ್ತೇನೆ ಎಂದೆ. ನನಗೆ ಅದರಲ್ಲಿ ನಂಬಿಕೆಯಿತ್ತು ಎಂದಲ್ಲ. ನಾನು ಹಟ ಹಿಡಿದು ಉಳಿದು, ಆ ತಿಂಗಳು ಮಗನಿಗೆ ಒಂದು ಜ್ವರ ಬಂದರೂ ಅತ್ತೆಯ ಮನಸ್ಸಿನಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಹೋಗುತ್ತೇನೆ ಎಂದ ಮೇಲೆ ಬೇರೊಂದು ಭಯ ಶುರುವಾಯಿತು. ಈಗಷ್ಟೇ ಮಾತು ಕೂಡಿದೆ. ಒಂದು ತಿಂಗಳು ನನ್ನನ್ನು ಹೊರಗೆ ಹಾಕಿದರು ಎಂಬ ಮುನಿಸು ನನ್ನೊಳಗೆ ಕೂತರೆ, ಹಾಕಿದೆನಲ್ಲ ಎಂಬ ಮುಜುಗರ ಅವರೊಳಗೆ ಕೂತರೆ, ಆಗಸ್ಟ್‌ನಲ್ಲಿ ನಾವು ಮತ್ತೆ ದಿನಕ್ಕೆ ಒಂಬತ್ತು ಮಾತಿಗೆ ಇಳಿಯುತ್ತೇವೆ.

ನಾನು ದಿನಚರಿಯ ಕೊನೆಯ ಪುಟಗಳನ್ನು ಇದಕ್ಕೆಂದೇ ಬಿಟ್ಟುಕೊಂಡು ಲೆಕ್ಕ ಹಾಕಿದೆ. ಜುಲೈ 3ರಿಂದ ಆಗಸ್ಟ್ 2ರವರೆಗೆ ಮೂವತ್ತು ರಾತ್ರಿಗಳು. ನಾರ್‌ಶೋಪಿಂಗ್‌ನಲ್ಲಿ ಓದುತ್ತಿದ್ದ ನನ್ನ ಗೆಳತಿಯೊಬ್ಬಳು ಜುಲೈ 15ಕ್ಕೆ ಊರಿಗೆ ಹೊರಡುವವಳಿದ್ದಳು, ಅವಳ ಕೋಣೆ ಅಂದಿನಿಂದ ಖಾಲಿ. ಹಾಗೆ ಹದಿನೆಂಟು ರಾತ್ರಿಗಳಿಗೆ ಸೂರು ಸಿಕ್ಕಿತು. ಉಳಿದದ್ದು ಹನ್ನೆರಡು.

ಆ ಹನ್ನೆರಡಕ್ಕೆ ಹೋಟೆಲು ಹುಡುಕಿದ್ದು ನಾನೇ. ಗಂಡನ ಸಹೋದ್ಯೋಗಿಯೊಬ್ಬರು ಒಂದು ಕರಪತ್ರ ಕೊಟ್ಟಿದ್ದರು. ಉತ್ತರಕ್ಕೆ, ನಾರ್ವೆಯ ಗಡಿಗೆ ಹತ್ತಿರ, ಚಳಿಗಾಲದಲ್ಲಿ ಹಿಮದ ಮೇಲೆ ಜಾರಲು ಜನ ಮುಗಿಬೀಳುವ ಬೆಟ್ಟದ ಊರು. ಬೇಸಿಗೆಯಲ್ಲಿ ಅಲ್ಲಿ ಕೋಣೆಗಳು ಸುಲಭಕ್ಕೆ ಸಿಗುತ್ತವಂತೆ. ಚಿತ್ರದಲ್ಲಿ ಎರಡು ಅಂತಸ್ತಿನ ಮರದ ಕಟ್ಟಡ, ಹಿಂದೆ ಬೋಳು ಬೆಟ್ಟ, ಮುಂದೆ ಒಂದು ಬೆಂಚು. ಹದಿನಾಲ್ಕು ಕೋಣೆಗಳು, ಪ್ರತಿ ಮಹಡಿಗೆ ಒಂದೇ ಸ್ನಾನದ ಮನೆ, ಅತಿಥಿಗಳು ಅಡಿಗೆ ಮಾಡಿಕೊಳ್ಳಲು ಒಂದು ಸಣ್ಣ ಒಲೆ. ಜೂನ್ 12ರಂದು ಫೋನ್ ಮಾಡಿದೆ. ಹೋಟೆಲಿನ ಒಡತಿಯೇ ಎತ್ತಿದರು. ವಯಸ್ಸಾದ ದನಿ, ನಿಧಾನದ ಇಂಗ್ಲಿಷ್. ಬೆಟ್ಟ ಹತ್ತಲು ಬರುತ್ತೀಯಾ ಎಂದು ಕೇಳಿದರು. ಇಲ್ಲ ಎಂದೆ. ಮೀನು ಹಿಡಿಯಲಾ? ಅದಕ್ಕೂ ಇಲ್ಲ ಎಂದೆ. ಹನ್ನೆರಡು ರಾತ್ರಿ ಸುಮ್ಮನೆ ಇರಲು ಬರುತ್ತೇನೆ ಎಂದಾಗ ಅವರು, ಸರಿ, ಇಲ್ಲಿ ಸುಮ್ಮನೆ ಇರುವುದಕ್ಕೆ ಏನೂ ಕೊರತೆಯಿಲ್ಲ ಎಂದರು.

ನಾನು ಅಲ್ಲಿಯವರೆಗೆ ಒಂದು ರಾತ್ರಿಯನ್ನೂ ಒಂಟಿಯಾಗಿ ಕಳೆದವಳಲ್ಲ. ಅದನ್ನು ಯಾರಿಗೂ ಹೇಳಲಿಲ್ಲ, ದಿನಚರಿಗೂ ಸಹ. ಬದಲಿಗೆ ರೈಲಿನ ಸಮಯ, ಬದಲಾಯಿಸಬೇಕಾದ ನಿಲ್ದಾಣ, ನಿಲ್ದಾಣದಿಂದ ಹೋಟೆಲಿಗೆ ಎಷ್ಟು ನಿಮಿಷದ ನಡಿಗೆ, ಎಷ್ಟು ಜೊತೆ ಉಣ್ಣೆಯ ಕಾಲುಚೀಲ, ಎಷ್ಟು ಹೊತ್ತಿನ ಅಕ್ಕಿ ಎಂದು ಪುಟ ತುಂಬಿಸಿದೆ.

ಈ ಪುಟಗಳೇ ಅತ್ತೆಯನ್ನು ಎಳೆದವು. ಅಕ್ಕಿಯ ಲೆಕ್ಕ ನೋಡಿ ಇದು ಗುಬ್ಬಚ್ಚಿಗಾ ಎಂದು ಕೇಳಿದರು. ತಾವೇ ಕುಳಿತು ಚಟ್ನಿಪುಡಿ ಮಾಡಿದರು, ಪುಳಿಯೋಗರೆ ಗೊಜ್ಜು ಕಾಯಿಸಿದರು. ಹೋಟೆಲಿನ ಒಲೆಯಲ್ಲಿ ಒಗ್ಗರಣೆ ಹಾಕಿದರೆ ಹೊಗೆಗೆ ಗಂಟೆ ಹೊಡೆದುಕೊಳ್ಳುತ್ತದೆಯೇ ಎಂದು ನನ್ನಿಂದ ಕೇಳಿಸಿದರು. ಅದಕ್ಕೊಂದು ಫೋನ್ ಆಯಿತು. ಹೊಡೆದುಕೊಳ್ಳುತ್ತದೆ ಎಂದು ತಿಳಿದ ಮೇಲೆ ಒಗ್ಗರಣೆಯನ್ನೇ ಇಲ್ಲಿ ಮಾಡಿ ಬಾಟಲಿಗೆ ತುಂಬಿದರು. ನಕ್ಷೆ ಬಿಡಿಸಿ ರೈಲು ನಿಲ್ಲುವ ಊರುಗಳ ಹೆಸರನ್ನು ನನ್ನಿಂದ ಓದಿಸಿ, ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಂಡರು. ನಾನು ಎಲ್ಲಿದ್ದೇನೆ ಎಂದು ಆಯಾ ಹೊತ್ತಿಗೆ ಅವರಿಗೆ ಗೊತ್ತಿರಬೇಕಂತೆ.

ಜೂನ್ 21, ಶನಿವಾರ. ಇಲ್ಲಿನವರ ನಡುಬೇಸಿಗೆ ಹಬ್ಬದ ಮರುದಿನ, ಊರೆಲ್ಲ ಬಾಗಿಲು ಹಾಕಿತ್ತು. ನನ್ನ ಪೆಟ್ಟಿಗೆಯನ್ನು ತೂಕ ಮಾಡಿ ನೋಡುತ್ತಿದ್ದೆ. ಅತ್ತೆ ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ನೋಡಿದರು.

"ಆಷಾಢಕ್ಕೆ ಸೊಸೇನ ಕಳಿಸೋದು ತವರಿಗೆ ಕಣೇ," ಎಂದರು. "ತವರಲ್ಲಿ ತಾಯಿ ಇರ್ತಾಳೆ. ಅಲ್ಲಿ ನಿನಗೆ ಯಾರಿದ್ದಾರೆ?"

ತೂಕದ ಅಂಕಿಯನ್ನು ಬರೆದುಕೊಂಡೆ. ಬರೆದದ್ದು ಓದಲಾಗದಂತೆ ಕಲಸಿಹೋಗಿದೆ. ಅದು ಯಾಕೆಂದು ಅತ್ತೆಗೂ ಗೊತ್ತಾಗಿರಬೇಕು.

ಆಮೇಲೆ ಅವರು ಕೇಳಿದ್ದು ನನ್ನನ್ನಲ್ಲ, ತಮ್ಮನ್ನೇ ಎಂಬಂತಿತ್ತು. "ಆ ಹೋಟೆಲ್ಲು ಯಾರ ಮನೆ?"

"ಯಾರ ಮನೇನೂ ಅಲ್ಲ ಅತ್ತೆ. ಹೋಟೆಲ್ಲು."

"ನನ್ನ ಮನೆ ಅಲ್ಲ, ನಿನ್ನ ಮನೇನೂ ಅಲ್ಲ."

"ಅಲ್ಲ."

ಅವರು ಎದ್ದು ಹೋಗಿ ಫೋನ್ ಕಾರ್ಡು ತಂದರು. ಮೈಸೂರಿನಲ್ಲಿ ಅವರ ಅಕ್ಕ ಇದ್ದಾರೆ. ಮನೆತನದಲ್ಲಿ ಶಾಸ್ತ್ರದ ಪ್ರಶ್ನೆಗಳೆಲ್ಲ ಕೊನೆಗೆ ಹೋಗಿ ನಿಲ್ಲುವುದು ಅವರ ಮುಂದೆ. ಮಾತು ನಲವತ್ತೊಂದು ನಿಮಿಷ ನಡೆಯಿತು. ಅತ್ತೆಯ ಕಡೆಯದು ಮಾತ್ರ ನನಗೆ ಕೇಳುತ್ತಿತ್ತು: ಹೂಂ ಅಕ್ಕ, ಮಗ ಇಲ್ಲೇ ಇರ್ತಾನೆ, ಅವನಿಗೆ ಕೆಲಸ ಇದೆ. ಕಾರ್ಖಾನೆ ಜುಲೈ ಪೂರ್ತಿ ಮುಚ್ಚುತ್ತಿತ್ತು, ಆದರೆ ಯಂತ್ರಗಳು ನಿಂತಾಗಲೇ ಕಂಪ್ಯೂಟರಿನವರು ತಮ್ಮ ದುರಸ್ತಿ ಮಾಡಿಕೊಳ್ಳಬೇಕಿತ್ತು. ಕೊನೆಗೆ ಫೋನಿಟ್ಟು ತೀರ್ಪು ಹೇಳಿದರು. ಮನೆ ಎಂದರೆ ಒಲೆ ಮತ್ತು ಹೊಸ್ತಿಲು. ಬಾಡಿಗೆ ಕೋಣೆಗೆ ಸ್ವಂತ ಒಲೆಯಿಲ್ಲ, ಆ ಭಾಗ ಬಿಟ್ಟುಬಿಡಬಹುದು. ಹೊಸ್ತಿಲ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ. ಒಂದೇ ಹೊರಬಾಗಿಲಲ್ಲಿ ಇಬ್ಬರೂ ಓಡಾಡಕೂಡದು.

"ಎರಡು ಬಾಗಿಲಿದ್ದರೆ ನಾನೂ ಬರ್ತೀನಿ," ಎಂದರು ಅತ್ತೆ. "ಕೇಳು ನಿಮ್ಮ ಹೋಟೆಲಮ್ಮನ್ನ."

ನನ್ನ ಗಂಡ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಹಾಗಾದರೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂದರು. ನಿನಗೆ ಇಲ್ಲಿ ಆಷಾಢವೇ ಇಲ್ಲವಲ್ಲ, ಆರಾಮಾಗಿರು ಎಂದು ಅತ್ತೆ ಅವರನ್ನು ಅಲ್ಲಿಗೆ ನಿಲ್ಲಿಸಿದರು.

ಆದರೆ ಕರಪತ್ರದ ಚಿತ್ರದಲ್ಲಿ ಕಾಣುತ್ತಿದ್ದದ್ದು ಒಂದೇ ಬಾಗಿಲು. ಭಾನುವಾರ ಮತ್ತು ಸೋಮವಾರ ಒಟ್ಟು ಆರು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಆ ಎರಡು ದಿನ ಅತ್ತೆ ತಮ್ಮ ಪೆಟ್ಟಿಗೆಯನ್ನು ಕೆಳಗಿಳಿಸಿ ಇಟ್ಟುಕೊಂಡಿದ್ದರು, ಆದರೆ ಒಳಗೆ ಏನನ್ನೂ ಇಡಲಿಲ್ಲ. ನಾನು ಎಷ್ಟು ಆಸೆಪಟ್ಟುಬಿಟ್ಟಿದ್ದೇನೆ ಎಂದು ನನಗೇ ಆಗ ಗೊತ್ತಾದದ್ದು.

ಜೂನ್ 24, ಮಂಗಳವಾರ, ಬೆಳಗ್ಗೆ 9.10. ಒಡತಿ ಎತ್ತಿದರು. ನಾನು ಹೇಳಬೇಕಾದದ್ದನ್ನು ಮೊದಲೇ ಬರೆದಿಟ್ಟುಕೊಂಡು ಓದಿದೆ. ಒಂದು ಕೋಣೆಯ ಬದಲು ಎರಡು ಬೇಕು. ಎರಡನೆಯದು ನನ್ನ ಗಂಡನ ತಾಯಿಗೆ. ಎರಡಕ್ಕೂ ಬೇರೆ ಬೇರೆ ಹೊರಬಾಗಿಲು ಇರಬೇಕು.

ಅವರು ಮೆಲ್ಲಗೆ ಕೇಳಿದರು, "ನಿಮ್ಮಿಬ್ಬರಿಗೂ ಹೊಂದಿಕೆ ಆಗಲ್ವಾ?"

"ತುಂಬಾ ಆಗುತ್ತೆ," ಎಂದೆ. "ಅದಕ್ಕೇ ಕೇಳ್ತಾ ಇರೋದು."

ಅವರು ನಕ್ಕರು. ನಕ್ಕು ಮುಗಿಸಿದ ಮೇಲೆ ಅವರು ಹೇಳಿದ್ದನ್ನು ಅದೇ ದಿನ ಬರೆದಿಟ್ಟಿದ್ದೇನೆ. ಅಂಗಳದ ಆಚೆ ಬದಿಗೆ ಒಂದು ಚಿಕ್ಕ ಕೆಂಪು ಮನೆಯಿದೆ, ಒಂದೇ ಕೋಣೆ, ಅದಕ್ಕೇ ಅಂಟಿದ ಸ್ನಾನದ ಮನೆ. ಕರಪತ್ರದಲ್ಲಿ ಹಾಕಿಲ್ಲ, ಏಕೆಂದರೆ ಅದನ್ನು ಬಾಡಿಗೆಗೆ ಕೊಡುವುದು ಅಪರೂಪ. ಅದನ್ನು ಕಟ್ಟಿಸಿದ್ದು ಒಡತಿಯ ಅತ್ತೆಗಾಗಿ. ಆ ಮುದುಕಿ ಹನ್ನೊಂದು ವರ್ಷ ಅಲ್ಲಿದ್ದರು. ನಡುವೆ ಅಂಗಳ ಇದ್ದದ್ದರಿಂದಲೇ ದಿನವೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದೆವು ಎಂದರು. ಯಾಕೆ ಎರಡು ಬಾಗಿಲು ಎಂದು ನನ್ನನ್ನು ಮತ್ತೆ ಕೇಳಲೇ ಇಲ್ಲ.

ನಾನು ಪುಟ ತಿರುಗಿಸಿ ಮುಂದಿನ ಪ್ರಶ್ನೆಗೆ ಬಂದೆ. ಬೆಳಗಿನ ತಿಂಡಿ ಕೊಡುವುದು ದೊಡ್ಡ ಕಟ್ಟಡದಲ್ಲಿ. ಅಲ್ಲಿಗೆ ಅತ್ತೆ ಬರಬೇಕೆಂದರೆ ನಾನು ಓಡಾಡುವ ಬಾಗಿಲನ್ನೇ ದಾಟಬೇಕು. ಬಿಸಿಲಿದ್ದರೆ ಅಂಗಳದ ಮೇಜಿನ ಮೇಲೆ, ಮಳೆ ಬಂದರೆ ಬುಟ್ಟಿಯಲ್ಲಿ ಅವರ ಬಾಗಿಲಿಗೆ, ಎಂದರು ಒಡತಿ. ಮೊಟ್ಟೆ ಬೇಡ ಎಂದು ಬರೆಸಿದೆ. ಫೋನಿಟ್ಟು ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದರು. ನಾನು ಹೇಳುವ ಮೊದಲೇ ಮುಖ ನೋಡಿ ಅರ್ಥ ಮಾಡಿಕೊಂಡು, ಸೀದಾ ಹೋಗಿ ತಮ್ಮ ಪೆಟ್ಟಿಗೆಗೆ ಎರಡು ಸೀರೆ ಇಟ್ಟರು.

ಜುಲೈ 3, ಗುರುವಾರ. ಅಮಾವಾಸ್ಯೆ ಬೆಳಗ್ಗೆಯೇ ಕಳೆದಿತ್ತು, ಕ್ಯಾಲೆಂಡರಿನ ಆಷಾಢ ಮರುದಿನದಿಂದ. ಎಂಟೂವರೆಯ ರೈಲು, ಯೆವ್ಲೆಯಲ್ಲಿ ಬದಲಾವಣೆ. ಅತ್ತೆ ಕನ್ನಡದ ಚೀಟಿ ಕೈಯಲ್ಲಿ ಹಿಡಿದು ಪ್ರತಿ ನಿಲ್ದಾಣಕ್ಕೂ ಗುರುತು ಹಾಕಿದರು. ಎರಡು ನಿಲ್ದಾಣಗಳಲ್ಲಿ ರೈಲು ನಿಲ್ಲಲೇ ಇಲ್ಲ. ಅದು ನನ್ನ ತಪ್ಪು, ಹಳೆಯ ವೇಳಾಪಟ್ಟಿ ನೋಡಿದ್ದೆ. ಅತ್ತೆ ಅವೆರಡನ್ನೂ ಅಡ್ಡಗೆರೆ ಎಳೆದು ತೆಗೆದರು, ಕಣ್ಣಲ್ಲಿ ಮಾತ್ರ ನಗುತ್ತ.

ಹೋಟೆಲಿನಲ್ಲಿ ಎಲ್ಲವೂ ಒಡತಿ ಹೇಳಿದಂತೆಯೇ ಇತ್ತು. ಅಂಗಳ ನನ್ನ ನಡಿಗೆಯಲ್ಲಿ ಇಪ್ಪತ್ತಾರು ಹೆಜ್ಜೆ. ಆಚೆ ಕೆಂಪು ಮನೆ, ಈಚೆ ನನ್ನ ಕೋಣೆಯಿದ್ದ ಕಟ್ಟಡ. ಬೆಟ್ಟದ ತುದಿಯಲ್ಲಿ ಇನ್ನೂ ನಾಲ್ಕೈದು ತೇಪೆಗಳಷ್ಟು ಹಿಮ ಉಳಿದಿತ್ತು. ಆ ರಾತ್ರಿ ನಾನು ಮೊದಲ ಸಲ ಒಂಟಿಯಾಗಿ ಮಲಗಿದೆ. ಕಿಟಕಿಯಿಂದ ಅತ್ತೆಯ ಬಾಗಿಲು ಕಾಣುತ್ತಿತ್ತು, ನಿದ್ದೆ ಬೇಗ ಬಂತು.

ಜುಲೈ 4ರ ಬೆಳಗ್ಗೆ ಅಂಗಳದ ಮೇಜಿಗೆ ಅತ್ತೆ ಅವರ ಬಾಗಿಲಿನಿಂದ ಬಂದರು, ನಾನು ನನ್ನ ಬಾಗಿಲಿನಿಂದ. ಒಡತಿ ಬ್ರೆಡ್ಡು, ಬೆಣ್ಣೆ, ಯಾವುದೋ ಹಳದಿ ಹಣ್ಣಿನ ಜಾಮ್ ತಂದಿಟ್ಟು ಹೋದರು. ಅತ್ತೆ ಜಾಮ್ ರುಚಿ ನೋಡಿ, ಸೀರೆಯ ಮೇಲೆ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ ಕೇಳಿದರು, "ಸರಿ, ಇವತ್ತು ಎಲ್ಲಿಗೆ? ನಿನ್ನ ಪುಸ್ತಕದಲ್ಲಿ ಏನು ಬರೆದಿದ್ದೀಯ?"

ನಾನು ದಿನಚರಿ ತೆಗೆದೆ. ಅಕ್ಕಿ ಇತ್ತು, ಔಷಧಿ ಇತ್ತು, ಬಾಗಿಲುಗಳಿದ್ದವು, 15ಕ್ಕೆ ಯೆವ್ಲೆಯವರೆಗೆ ಜೊತೆಗೆ ಹೋಗಿ ಅಲ್ಲಿಂದ ಅತ್ತೆ ಮನೆಗೂ ನಾನು ಗೆಳತಿಯ ಕೋಣೆಗೂ ಹೊರಡುವ ರೈಲುಗಳ ಸಮಯವೂ ಇತ್ತು. 4ರಿಂದ 14ರವರೆಗಿನ ಹಗಲುಗಳಲ್ಲಿ ಏನು ಮಾಡುವುದು ಎಂದು ಒಂದು ಅಕ್ಷರವೂ ಇರಲಿಲ್ಲ. ಆ ಯೋಜನೆಯನ್ನು ನಾನು ಹಾಕಿದ್ದು ದಿನಗಳನ್ನು ಹೇಗೋ ಕಳೆಯಬೇಕಾಗಿದ್ದ ಒಬ್ಬಳಿಗಾಗಿ.

"ಏನೂ ಬರೆದಿಲ್ಲ ಅತ್ತೆ," ಎಂದೆ.

"ಒಳ್ಳೇದಾಯ್ತು," ಎಂದು ಅವರು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡರು. ಜನರನ್ನು ಬೆಟ್ಟಕ್ಕೆ ಏರಿಸುವ, ಇನ್ನೂ ತಂತಿಗೆ ನೇತಾಡುತ್ತ ನಿಂತಿದ್ದ ಪೆಟ್ಟಿಗೆಯತ್ತ ಕೈ ತೋರಿಸಿ, ಅದು ಎಷ್ಟು ಹೊತ್ತಿಗೆ ಶುರುವಾಗುತ್ತದೆ ಎಂದು ಒಡತಿಯನ್ನು ಕೇಳಲು ಹೇಳಿದರು. ನಾನು ಕೇಳಿಕೊಂಡು ಬಂದು 4ನೇ ತಾರೀಖಿನ ಮುಂದೆ ಬರೆದೆ: ಬೆಟ್ಟ, ಹತ್ತು ಗಂಟೆ, ಇಬ್ಬರು.