ಪಟಿಕ ಹಾಕಿದ ಸಮುದ್ರದ ನೀರು

ರಾಡಿ ನೀರು ಕಂಡರೆ ಪಾರ್ವತೆಮ್ಮನ ಕೈ ಸುಮ್ಮನಿರುತ್ತಿರಲಿಲ್ಲ. ಆಕೆ ಹುಟ್ಟಿದ್ದು ದೇವದುರ್ಗದ ಕಡೆ, ಕೃಷ್ಣಾ ದಂಡೆಯ ಹಳ್ಳಿಯಲ್ಲಿ. ಮಳೆಗಾಲದಲ್ಲಿ ಹೊಳೆಯ ನೀರು ಕೊಡದ ತುಂಬ ಕೆಂಪಗೆ ಬರುತ್ತಿತ್ತು. ಅವ್ವ ಪಟಿಕದ ಗಡ್ಡೆ ಹಿಡಿದು ನಾಲ್ಕು ಸುತ್ತು ತಿರುವಿದರೆ ಸಾಕು, ಸ್ವಲ್ಪ ಹೊತ್ತಿಗೆ ರಾಡಿಯೆಲ್ಲ ತಳ ಸೇರಿ ಮೇಲೆ ತಿಳಿನೀರು ನಿಲ್ಲುತ್ತಿತ್ತು. ಮಾನ್ವಿ ತಾಲ್ಲೂಕಿನ ಮಲ್ಲಟಕ್ಕೆ ಸೊಸೆಯಾಗಿ ಬಂದಾಗಲೂ, ಗಂಡ ತಾಯಣ್ಣ ಅಕ್ಕಿ ಗಿರಣಿಯ ಹಮಾಲಿ ಕೆಲಸಕ್ಕೆಂದು ರಾಯಚೂರಿಗೆ ಕರೆತಂದಾಗಲೂ ಆ ಅಭ್ಯಾಸ ಆಕೆಯ ಬೆನ್ನು ಬಿಡಲಿಲ್ಲ. ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ಹನ್ನೆರಡು ವರ್ಷ ಧೂಳು ಕುಡಿದು ಕೆಮ್ಮು ಹತ್ತಿದ ಮೇಲೆ, ಯಾರದೋ ಪುಣ್ಯದಿಂದ ಆಕೆಗೆ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಗಾಜಿನ ಸೀಸೆ ತೊಳೆಯಬೇಕು, ನೀರು ಅಳೆಯಬೇಕು, ಹಿಟ್ಟು ಸಕ್ಕರೆ ಕಲಸಿ ಹುಳಗಳಿಗೆ ಊಟ ತಯಾರಿಸಬೇಕು. ವರ್ಷಕ್ಕೊಮ್ಮೆ ಅಲ್ಲಿನ ಮುಖ್ಯಸ್ಥ ಕಿರಣಕುಮಾರ ಸರ್ ಸಹಿ ಹಾಕಿದರೆ ಕೆಲಸ ಉಂಟು, ಇಲ್ಲದಿದ್ದರೆ ಮನೆ ದಾರಿ.

ಹುಳ ಎಂದರೆ ಬ್ಯಾಕ್ಟೀರಿಯಾ, ಅದೂ ಸಮುದ್ರದ್ದು. ಸಮುದ್ರದ ಗಾಳಿಯೂ ಸುಳಿಯದ ರಾಯಚೂರಿನಲ್ಲಿ ಸಮುದ್ರದ ಹುಳ ಸಾಕುವುದೆಂದರೆ ಕೇಳಿದವರು ನಗುವುದು ಸಹಜ. ಸಾಕುತ್ತಿದ್ದವಳು ಸಂಘಮಿತ್ರಾ, ಕುರ್ಡಿಯ ಕೂಲಿಕಾರರ ಮಗಳು, ಮನೆತನದಲ್ಲಿ ಕಾಲೇಜು ಕಂಡ ಮೊದಲನೆಯವಳು. ಕಾರವಾರದ ದಂಡೆಯ ಕೆಸರಿನಿಂದ ಆ ಹುಳ ತಂದು, ಪಿಎಚ್.ಡಿ.ಗೆಂದು ಐದು ವರ್ಷ ಅದರ ಹಿಂದೆ ಜೀವ ತೇದಿದ್ದಳು. ಅಲ್ಲಿಯದೇ ನೀರನ್ನೂ ಕ್ಯಾನುಗಳಲ್ಲಿ ತರುತ್ತಿದ್ದಳು. ಆ ನೀರಿನಲ್ಲಿ ಐದು ದಿನ ಬೆಳೆದ ಹುಳ ಕೇಸರಿ ಬಣ್ಣ ಬಿಡುತ್ತಿತ್ತು. ಬಣ್ಣದ ಜೊತೆ ಬಂದ ಸತ್ವವನ್ನು ಹೈದರಾಬಾದಿನ ಲ್ಯಾಬಿಗೆ ಕಳಿಸಿದಾಗ, ಅಲ್ಲಿ ತಟ್ಟೆಯಲ್ಲಿ ಬೆಳೆಸಿದ್ದ ಕ್ಯಾನ್ಸರ್ ಜೀವಕೋಶಗಳು ಸತ್ತುಹೋದವು. ಅದು ಔಷಧಿಯಾಗುವುದಕ್ಕೆ ಇನ್ನೂ ಹತ್ತು ಹೊಳೆ ದಾಟಬೇಕು, ಆ ಮಾತು ಬೇರೆ. ಇನ್ನೊಮ್ಮೆ ಸತ್ವ ಕಳಿಸಿರಿ, ಖಾತ್ರಿ ಮಾಡಿಕೊಳ್ಳೋಣ ಎಂದು ಅವರು ಬರೆದರು.

ಈ ಸಲ ಬಣ್ಣವೇ ಬರಲಿಲ್ಲ. ಮೂರು ಬಾರಿ ಬೆಳೆಸಿದರೂ ಸೀಸೆಯೊಳಗೆ ಬರೀ ಮಜ್ಜಿಗೆ ನೀರಿನಂಥ ಬಿಳುಪು.

ಸಂಘಮಿತ್ರಾಳಿಗೆ ಗೈಡ್ ಆಗಿದ್ದ ಕಿರಣಕುಮಾರ ಸರ್ ಕೆಟ್ಟವರಲ್ಲ, ಆದರೆ ಹೆದರಿದ್ದರು. ಮೊದಲ ಫಲಿತಾಂಶದ ಕೆಳಗೆ ಅವರ ಸಹಿಯೂ ಇತ್ತು. ಹೆದರಿದ ಮನುಷ್ಯನ ಬಾಯಿಗೆ ಲಗಾಮು ಇರುವುದಿಲ್ಲ.

“ಆವಾಗ ಬಂದ ಬಣ್ಣ ಈಗ ಎಲ್ಲಿಗೆ ಹೋತು? ಖರೇನ ಬಂದಿತ್ತೋ, ನೀನೇ ಬರಕೊಂಡಿದ್ದೋ?” ಎಂದರು. “ಮೊದಲಿನ ಫಲಿತಾಂಶ ನಂಬಬ್ಯಾಡ್ರಿ ಅಂತ ಸೋಮವಾರ ಸಂಜಿಯೊಳಗ ಕಾಗದ ಬರದು ಕೊಡು.”

ಆ ಕಾಗದಕ್ಕೆ ಸಹಿ ಬಿದ್ದರೆ ಸಂಘಮಿತ್ರಾಳ ಐದು ವರ್ಷ ನೀರಿಗೆ ಬಿದ್ದಂತೆ, ಮೇಲೆ ಸುಳ್ಳುಗಾತಿ ಎಂಬ ಹೆಸರು. ಹುಡುಗಿ ಅಳಲಿಲ್ಲ. ಬೋರ್ಡಿನ ಮೇಲೆ ಒಂದೊಂದೇ ಬರೆದು ಪರೀಕ್ಷಿಸತೊಡಗಿದಳು: ಶಾಖ, ಸಕ್ಕರೆ, ಸೀಸೆ, ಹುಳದ ತಳಿ. ಕೊನೆಗೆ ನೀರು ಎಂದು ಬರೆದು, “ಅದೇ ಸಮುದ್ರದ್ದು, ಅದೇ ದಂಡಿದು” ಎನ್ನುತ್ತ ತಾನೇ ಸರಿ ಗುರುತು ಹಾಕಿದಳು.

ಸೀಸೆ ತೊಳೆಯುತ್ತಿದ್ದ ಪಾರ್ವತೆಮ್ಮ ಕೈ ನಿಲ್ಲಿಸಿ ಬೋರ್ಡಿನತ್ತ ತಿರುಗಿದಳು. ನಾಲ್ಕನೇ ಇಯತ್ತೆ ಓದಿದ ಆಕೆಗೆ ‘ನೀರು’ ಓದಲು ಬರುತ್ತಿತ್ತು. ಈ ಸಲದ ನೀರು ಮಳೆಗಾಲದ್ದು, ಬಹಳ ರಾಡಿ. ಹುಡುಗಿಯ ಕೆಲಸ ಚೊಕ್ಕಟವಾಗಲಿ ಎಂದು ಆಕೆ ಯಾರನ್ನೂ ಕೇಳದೆ ಕ್ಯಾನು ಕ್ಯಾನಿಗೂ ಪಟಿಕ ತಿರುವಿದ್ದಳು. ತಿಳಿಯಾದ ನೀರು ನೋಡಿ ಸಂಘಮಿತ್ರಾ, “ಎಷ್ಟು ಚಂದ ಸೋಸೀರಿ ಚಿಗವ್ವ” ಎಂದಿದ್ದಳು. ಪಾರ್ವತೆಮ್ಮ ಹಿಗ್ಗಿದ್ದಳು.

ಭಾನುವಾರ ಉಣ್ಣಲು ಕೂತವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಗಂಡನಿಗೆ ಹೇಳಿದಳು.

“ಒಂದು ಚೂರು ಪಟಿಕ ಏನ್ ಮಾಡ್ತದ ಬೇ?” ಎಂದ ತಾಯಣ್ಣ. “ನಾವೆಲ್ಲ ಅದೇ ನೀರು ಕುಡದು ಬೆಳದಿಲ್ಲೇನು?”

“ನಾವು ಮಂದಿ, ಅದು ಹುಳ. ಅದಕ್ಕ ಆ ರಾಡಿಯಾಗೇ ಏನರ ಊಟ ಇದ್ದೀತು.”

“ಹೇಳಿದ್ರ ಕೆಲಸ ಹೋಗ್ತದ. ಹೇಳದಿದ್ರ ಯಾರಿಗಿ ಗೊತ್ತಾಗ್ತದ?”

ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅದೇ ಆಕೆಯನ್ನು ಸುಟ್ಟದ್ದು. ಮತ್ತೆ ಜಿನ್ನಿಂಗಿಗೆ ಹೋಗಲು ಎದೆಯಲ್ಲಿ ಉಸಿರಿಲ್ಲ. ಸುಮ್ಮನಿದ್ದರೆ ಹೆತ್ತವರಂತೆ ತನ್ನನ್ನು ನಂಬಿದ ಹುಡುಗಿಯ ಮುಖಕ್ಕೆ ತಾನೇ ಮಸಿ ಬಳಿದಂತೆ. ಸೋಮವಾರ ಯಾರು ನೀರು ಎಂದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ ಮೂರು ಗಂಟೆಯವರೆಗೆ ತಿರುಗಿದಳು. ಆಮೇಲೆ ಸಂಘಮಿತ್ರಾ ಕಾಗದ ಹಿಡಿದು ಸರ್ ಕೋಣೆಗೆ ಹೋಗುವುದು ಕಂಡಿತು. ಪಾರ್ವತೆಮ್ಮ ಒದ್ದೆ ಕೈಯಲ್ಲೇ ಹಿಂದೆ ನುಗ್ಗಿದಳು.

“ನೀರಿಗಿ ಪಟಿಕ ಹಾಕೀನ್ರಿ ಸರ್. ಎಲ್ಲ ಕ್ಯಾನಿಗೂ. ಈ ಹುಡುಗಿಗಿ ಗೊತ್ತಿಲ್ಲ.”

ಸಂಘಮಿತ್ರಾ ತಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ಇರಬೇಕಾದದ್ದೇ. “ಎಲ್ಲಾ ಕ್ಯಾನಿಗೂ?” ಎಂದು ಮಾತ್ರ ಕೇಳಿದಳು.

ಆಗ ಪಾರ್ವತೆಮ್ಮನಿಗೆ ನೆನಪಾಯಿತು, ಒಂದು ಕ್ಯಾನು ಉಳಿದಿತ್ತು. ಮುಚ್ಚಳ ಸೀಳಿದ್ದರಿಂದ ಮೂಲೆಯಲ್ಲಿ ಬೇರೆ ಇಟ್ಟದ್ದು, ಅದರ ನೀರು ಇನ್ನೂ ರಾಡಿಯೇ. ಸರ್ ಇನ್ನೂ ಸಹಿ ಬೀಳದ ಆ ಕಾಗದವನ್ನು ಮೇಜಿನ ಸೆಳೆಖಾನೆಗೆ ಹಾಕಿದರು. ಒಂದು ಸೀಸೆ ಪಟಿಕದ ನೀರಿನಲ್ಲಿ, ಒಂದು ರಾಡಿ ನೀರಿನಲ್ಲಿ, ಐದು ದಿನ ಹುಳ ಬೆಳೆಸಿ ನೋಡುವುದೆಂದಾಯಿತು.

“ರಾಡಿ ನೀರಿನಾಗ ಬಣ್ಣ ಬಂದ್ರ ತಪ್ಪು ನಿಮ್ದು ಪಾರ್ವತೆಮ್ಮ,” ಎಂದರು. “ಬರಲಿಲ್ಲಂದ್ರ ಆಕಿ ಸಹಿ ಹಾಕಬೇಕು.”

ಆ ಐದು ದಿನ ಪಾರ್ವತೆಮ್ಮ ಪಟ್ಟ ಪಾಡು ಶತ್ರುವಿಗೂ ಬೇಡ. ತನ್ನ ತಪ್ಪೇ ಖರೆ ಆಗಲಿ ಎಂದು ದೇವರಲ್ಲಿ ಬೇಡಿಕೊಳ್ಳುವವರನ್ನು ಯಾರು ಕಂಡಿದ್ದಾರೆ? ಬೇಡಿಕೊಂಡ ಮರುಕ್ಷಣವೇ ಇನ್ನೊಂದು ಲೆಕ್ಕ ಏಳುತ್ತಿತ್ತು: ಖರೆ ಆದರೆ ಕೆಲಸದ ಗತಿ? ಬೆಳಿಗ್ಗೆ ಕಸಗುಡಿಸುವವರಿಗಿಂತ ಮೊದಲೇ ಬಂದು, ಸೀಸೆಗಳನ್ನು ಒಳಗಿಟ್ಟು ಅಲುಗಾಡಿಸುವ ಯಂತ್ರದ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದಳು. ಮೂರನೇ ದಿನ ಎರಡೂ ಬಿಳಿ. ನಾಲ್ಕನೇ ದಿನವೂ ಬಿಳಿಯೇ. ಸಂಘಮಿತ್ರಾ ಮಾತೇ ಬಿಟ್ಟಿದ್ದಳು. ಆದರೂ ಮಧ್ಯಾಹ್ನ ರೊಟ್ಟಿ ಮುರಿದು ಅರ್ಧ ಈಕೆಯ ಕಡೆ ಸರಿಸುತ್ತಿದ್ದಳು. ಆ ರೊಟ್ಟಿ ತಿನ್ನುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಗುತ್ತಿತ್ತು.

ಐದನೇ ದಿನ ರಾಡಿ ನೀರಿನ ಸೀಸೆಯಲ್ಲಿ ಅಂಚಿಗುಂಟ ಕೇಸರಿ ಕಂಡಿತು. ಹತ್ತು ಗಂಟೆಯ ಹೊತ್ತಿಗೆ ಸೀಸೆ ತುಂಬ ಹರಡಿತು. ಪಕ್ಕದ್ದು ಬೆಳ್ಳಗೇ ಇತ್ತು. ಸಂಘಮಿತ್ರಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ಸರ್ ಎರಡೂ ಸೀಸೆಗಳನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ತಪ್ಪು ನಿಮ್ದೇ ಪಾರ್ವತೆಮ್ಮ.”

“ಹೌದ್ರಿ ಸರ್, ನಂದೇ.” ಮೊಮ್ಮಗ ಹುಟ್ಟಿದ ಸುದ್ದಿ ಹೇಳುವವರ ಹಾಗೆ ಹೇಳಿದಳು.

“ಇನ್ಮುಂದ ನೀರು ಮುಟ್ಟಬ್ಯಾಡ್ರಿ. ಬರೋ ವರ್ಷದ ಸಹಿದು ನಾನು ವಿಚಾರ ಮಾಡಬೇಕಾಗ್ತದ.”

ಹೆದರಿಕೆ ಎಲ್ಲೂ ಹೋಗಿರಲಿಲ್ಲ, ಆದರೂ ಪಾರ್ವತೆಮ್ಮ ಸರ್ ಕೋಣೆಯ ಕಡೆ ಕೈ ತೋರಿಸಿದಳು.

“ಮಾಡ್ರಿ ಸರ್,” ಎಂದಳು. “ಮೊದಲು ಆ ಕಾಗದ ಹರದು ಹಾಕ್ರಿ.”