ಹದಿನೇಳನೆಯ ಎಳೆ

ಬೆಳಗಿನ ಐದೂವರೆ. ಸಂಶೋಧನಾಲಯದ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ. ಸ್ವೆಟರ್ ಮೇಲೆ ಶಾಲು ಹೊದ್ದ ಹೆಂಗಸೊಬ್ಬರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತು, ನೀರಿನ ಕಣಗಳು ಸೆಲ್ಯುಲೋಸಿನ ಎಳೆಗಳನ್ನು ಮುತ್ತಿಕೊಳ್ಳುವುದನ್ನು ನೋಡುತ್ತಿದ್ದಾರೆ. ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ನೀರಕ್ಕ ಎಂದೇ.

ಕಾಗದ, ಹತ್ತಿ, ಮರ ಎಲ್ಲದರ ಒಡಲೂ ಸೆಲ್ಯುಲೋಸ್. ಅದು ಒದ್ದೆಯಾದಾಗ ಒಳಗೇನಾಗುತ್ತದೆ ಎಂದು ತಿಳಿಯಲು ಮೂವತ್ತಾರು ಎಳೆಗಳ ಕಟ್ಟೊಂದನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಸುತ್ತ ನೀರು ತುಂಬಿ, ಒಂದೊಂದು ಅಣುವೂ ಹೇಗೆ ಸರಿಯುತ್ತದೆಂದು ಲೆಕ್ಕ ಹಾಕಿಸುತ್ತಾರೆ. ಹನ್ನೊಂದು ವರ್ಷದ ಹಿಂದೆ ಆ ಕಟ್ಟನ್ನು ಜೋಡಿಸಿದ್ದು ನೀರಕ್ಕನೇ. ಯಂತ್ರ ಇಡೀ ದಿನ ತಿಣುಕಿದರೆ ಪರದೆಯ ಮೇಲಿನ ನೀರಿಗೆ ಕಳೆಯುವುದು ಸೆಕೆಂಡಿನ ಕೋಟಿಯಲ್ಲೊಂದು ಪಾಲು.

"ಹನ್ನೊಂದು ವರ್ಷ ಸೇರಿಸಿದ್ರೂ ಒಂದ್ಸಲ ರೆಪ್ಪೆ ಬಡಿಯೋಷ್ಟು ಹೊತ್ತಾಗಲ್ಲ," ಎಂದು ನಗುತ್ತಾರೆ. "ನಮ್ಮ ಯಜಮಾನ್ರು ರೇಗಿಸೋರು. ಕಾಗದ ನೆನೆದ್ರೆ ಏನಾಗುತ್ತೆ ಅಂತ ಒಗೆದ ಅಂಗಿ ಜೇಬಲ್ಲಿರೋ ಬಸ್ ಟಿಕೆಟ್ ಕೇಳು, ಅದೇ ಹೇಳುತ್ತೆ ಅಂತ." ಯಜಮಾನರು ಹೋಗಿ ನಾಲ್ಕು ವರ್ಷ. ಆಸ್ಪತ್ರೆಯಲ್ಲಿ ಅವರ ಪಕ್ಕ ಕೂತಾಗಲೂ ಇವರು ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಅದನ್ನು ಹೇಳುವಾಗ ನಗು ನಿಂತುಹೋಗುತ್ತದೆ.

ನಿವೃತ್ತಿಗೆ ಇನ್ನು ಎರಡು ತಿಂಗಳು. ಕಳೆದ ವಾರ ಗೋಡೆಗೆ ತೂಗುಹಾಕಲೆಂದು ಆ ಕಟ್ಟಿನ ದೊಡ್ಡ ಚಿತ್ರ ಮಾಡುತ್ತ, ಎಳೆಗಳ ತಲೆಗೆ ಕೆಂಪು, ಬಾಲಕ್ಕೆ ನೀಲಿ ಕೊಟ್ಟರು. ಮರದಲ್ಲಿ, ಹತ್ತಿಯಲ್ಲಿ ಈ ಎಳೆಗಳೆಲ್ಲ ಒಂದೇ ದಿಕ್ಕಿಗೆ ತಲೆಹಾಕಿ ಮಲಗಿರುತ್ತವೆ. ಚಿತ್ರದಲ್ಲಿ ಮೂವತ್ತೈದು ತಲೆ ಈ ಕಡೆ, ಹದಿನೇಳನೆಯದೊಂದು ಆ ಕಡೆ. ಮೊದಲ ದಿನವೇ ನೀರಕ್ಕ ಅದನ್ನು ತಿರುವುಮುರುವಾಗಿ ಇಟ್ಟಿದ್ದರು.

"ಅದು ಹೊರಮೈ ಎಳೆ. ನೀರು ಮೊದಲು ಮುಟ್ಟೋದೇ ಅದನ್ನ. ಮಾಡಿದ್ದೆಲ್ಲಾ ನೀರಲ್ಲಿ ಹೋಮ."

ಆ ಕಟ್ಟನ್ನು ನೆಚ್ಚಿಕೊಂಡು ಹದಿನಾಲ್ಕು ಸಂಶೋಧನಾ ಲೇಖನಗಳು ಬಂದಿವೆ. ಒಂದರಲ್ಲೂ ಇವರ ಹೆಸರಿಲ್ಲ. ತಪ್ಪನ್ನು ಹೇಳಲು ಹೋದಾಗ ಮುಖ್ಯಸ್ಥರು ಬಾಗಿಲು ಮುಂದೆ ಮಾಡಿ, "ಯಾರು ನೋಡ್ತಾರೆ ಬಿಡಿ, ಸುಮ್ನೆ ಹೊಟ್ಟೇಲೇ ಇಟ್ಕೊಳ್ಳಿ" ಎಂದರಂತೆ. ಈಗ ಇವರು ಇಷ್ಟು ಬೇಗ ಬರುವುದು, ಬೇರೆಯವರು ಬರುವ ಮುಂಚೆ ತಿದ್ದಿದ ಕಟ್ಟನ್ನು ಓಡಿಸಲು. ಅರವತ್ತು ದಿನದಲ್ಲಿ ಅದು ಎಲ್ಲಿಗೂ ಮುಟ್ಟುವುದಿಲ್ಲ ಎಂದು ಅವರಿಗೇ ಚೆನ್ನಾಗಿ ಗೊತ್ತು.

ನಿವೃತ್ತಿಯ ಹೊತ್ತಿಗೆ ಪತ್ರಿಕೆಯಲ್ಲಿ ಹೊಗಳಿ ನಾಲ್ಕು ಸಾಲು ಬರೆಯೋಣವೆಂದು ಬಂದವನು ನಾನು. ಹೊರಟಾಗ ನೀರಕ್ಕ ಮೆಟ್ಟಿಲವರೆಗೂ ಬಂದರು.

"ಹೊಗಳೋದೆಲ್ಲ ಬೇಡ. ಹದಿನೇಳನೇ ಎಳೆ ಉಲ್ಟಾ ಇದೆ, ಇಟ್ಟೋಳು ನಾನು ಅಂತ ಬರೀರಿ. ಅದನ್ನ ನಂಬ್ಕೊಂಡು ಇನ್ನೂ ಎಷ್ಟೋ ಜನ ಕೆಲಸ ಮಾಡ್ತಿದ್ದಾರೆ. ನೀರಕ್ಕ ಅಂತಾನೇ ಹಾಕಿ, ಗೊತ್ತಾಗೋರಿಗೆ ಗೊತ್ತಾಗುತ್ತೆ. ತಪ್ಪಿಗಾದ್ರೂ ನನ್ನ ಹೆಸರಿರ್ಲಿ."